ಪಾಟಿಕಲ್ಲಿನ ಊರಿನಲ್ಲಿ ಮರದ ಗಣಿ

ನಾವು ಅಕ್ಷರ ಕಲಿತದ್ದು ಎರಡು ಹಲಗೆಗಳ ಮೇಲೆ. ಬೆಳಿಗ್ಗೆ ಉಸ್ತಾದರ ಮನೆಯ ಪಡಸಾಲೆಯಲ್ಲಿ ಮರದ ತಖ್ತಿ. ಅದಕ್ಕೆ ಮುಲ್ತಾನಿ ಮಿಟ್ಟಿ ಬಳಿದು, ಬಿಸಿಲಿಗಿಟ್ಟು ಒಣಗಿಸಿ, ಬರೂ ಕಲಮಿನಿಂದ ಅಲಿಫ್, ಬೇ ತಿದ್ದುವುದು. ಹತ್ತು ಗಂಟೆಗೆ ಕನ್ನಡ ಶಾಲೆ. ಅಲ್ಲಿ ಪಾಟಿ ಮತ್ತು ಬಳಪ. ವರ್ಷ ಕಳೆಯುವುದರೊಳಗೆ ತಖ್ತಿ ಬಾಗಿತು, ಅಂಚಿನಲ್ಲಿ ಸಣ್ಣದೊಂದು ಸೀಳು ಬಿಟ್ಟಿತು. ಪಾಟಿ ಬಾಗಲಿಲ್ಲ, ಒಂದು ದಿನ ಕೈಜಾರಿ ಬಿದ್ದು ಎರಡಾಯಿತು. ಬ್ರಿಟನ್ನಿನ ಮರಶಿಲ್ಪಿ ಡೇವಿಡ್ ನ್ಯಾಶ್ ಅವರ ಕೆಲಸದ ಕುರಿತು ಬರೆಯಲು ಕೂತಾಗ ಈ ಎರಡು ಹಲಗೆಗಳು ನೆನಪಾದದ್ದು ಸುಮ್ಮನಲ್ಲ. ಐವತ್ತು ವರ್ಷಕ್ಕೂ ಮಿಕ್ಕಿ ಮರದಲ್ಲಿಯೇ ಕೆಲಸ ಮಾಡಿದ ಈ ಮನುಷ್ಯ ಅದನ್ನು ಮಾಡಿದ್ದು ಪಾಟಿಕಲ್ಲಿನ ಊರಿನಲ್ಲಿ ಕೂತು.

ಊರಿನ ಹೆಸರು ಬ್ಲೈನೈ ಫೆಸ್ಟಿನಿಯೊಗ್, ಉತ್ತರ ವೇಲ್ಸ್‌ನಲ್ಲಿದೆ. ಇಂಗ್ಲೆಂಡಿನ ಸರ್ರೆ ಪ್ರಾಂತದ ಈಷರ್‌ನಲ್ಲಿ 1945ರಲ್ಲಿ ಹುಟ್ಟಿದ ನ್ಯಾಶ್, ಕಿಂಗ್‌ಸ್ಟನ್ ಕಲಾ ಕಾಲೇಜು ಮುಗಿಸಿ 1967ರಲ್ಲಿ ಇಲ್ಲಿಗೆ ಬಂದರು. ಬಾಲ್ಯದ ರಜಾದಿನಗಳನ್ನು ಈ ಕಣಿವೆಯಲ್ಲೇ ಕಳೆದಿದ್ದರಿಂದ ಊರು ಹೊಸದೇನಲ್ಲ. ಮರುವರ್ಷ ಪಾಳುಬಿದ್ದ ಒಂದು ಮೆಥೊಡಿಸ್ಟ್ ಪ್ರಾರ್ಥನಾಮಂದಿರವನ್ನು, ಅದರ ಹೆಸರು ಕಾಪೆಲ್ ರಿವ್, ಕೊಂಡು ಅದನ್ನೇ ಮನೆಯೂ ಕಾರ್ಯಾಗಾರವೂ ಮಾಡಿಕೊಂಡರು. ಲಂಡನ್ನಿನ ಬಾಡಿಗೆ ಕೊಡಲಾಗದ ಹುಡುಗನೊಬ್ಬ ಅಗ್ಗದ ಜಾಗ ಹುಡುಕಿಕೊಂಡು ಹೋದ ಕತೆ ಇದು ಎಂದರೂ ತಪ್ಪಾಗದು. ಅಗ್ಗವಾಗಿದ್ದುದಕ್ಕೆ ಕಾರಣವಿತ್ತು. ಆ ಊರು ಖಾಲಿಯಾಗುತ್ತಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಎಷ್ಟೋ ನಗರಗಳ ಮಾಡಿಗೆ ಹೊದಿಸಿದ ಪಾಟಿಕಲ್ಲು ಈ ಬೆಟ್ಟಗಳಿಂದ ಹೋದದ್ದು. ಬೆಟ್ಟದ ಹೊಟ್ಟೆಯೊಳಗೆ ಮೈಲಿಗಟ್ಟಲೆ ಸುರಂಗ ಕೊರೆದು, ಮೇಣದ ಬತ್ತಿಯ ಬೆಳಕಿನಲ್ಲಿ ಕಲ್ಲು ಬಿಡಿಸಿ, ಹೊರಗೆ ತಂದು, ಅಗಲವಾದ ತೆಳು ಉಳಿಯಿಂದ ಅರ್ಧಕ್ಕೆ ಸೀಳಿ, ಮತ್ತೆ ಅರ್ಧಕ್ಕೆ ಸೀಳಿ, ರೊಟ್ಟಿಯಷ್ಟು ತೆಳುವಾಗಿಸುವುದು. ಅಳತೆಗೊಂದು ಹೆಸರು: ಡಚೆಸ್, ಕೌಂಟೆಸ್, ಲೇಡಿ. ಕಲ್ಲು ಸೀಳುವವನ ಮನೆಯವಳಿಗೆ ಇಲ್ಲದ ಬಿರುದು ಅವನು ಸೀಳಿದ ಕಲ್ಲಿಗೆ. ಮಧ್ಯಾಹ್ನ ಗಣಿಯೊಳಗಿನ ಕಬಾನ್ ಎಂಬ ಗುಡಿಸಲಿನಲ್ಲಿ ಚಹಾ ಕುಡಿಯುತ್ತ ಇವರು ಹಾಡು, ಕಾವ್ಯ, ಧರ್ಮಶಾಸ್ತ್ರ, ರಾಜಕೀಯ ಎಲ್ಲವನ್ನೂ ಚರ್ಚಿಸುತ್ತಿದ್ದರು, ಸ್ಪರ್ಧೆ ನಡೆಸುತ್ತಿದ್ದರು. ಮಾತು ವೆಲ್ಷ್ ಭಾಷೆಯಲ್ಲಿ. ಮಾಲೀಕನ ಲೆಕ್ಕಪತ್ರ ಇಂಗ್ಲಿಷಿನಲ್ಲಿ. ಮಾರಾಟವಾಗುವ ಒಂದು ಟನ್ ಕಲ್ಲಿಗೆ ಅದರ ಹಲವು ಪಟ್ಟು ಚೂರು ಕಲ್ಲು ಹೊರಬೀಳುತ್ತಿತ್ತು, ಅದನ್ನು ಊರಿನ ನೆತ್ತಿಯ ಮೇಲೆಯೇ ಸುರಿಯುತ್ತಿದ್ದರು. ಇವತ್ತಿಗೂ ಊರಿನ ಮೂರೂ ಬದಿಗೆ ನಿಂತಿರುವ ಬೂದುಬಣ್ಣದ ಬೆಟ್ಟಗಳಲ್ಲಿ ಯಾವುದು ದೇವರು ಮಾಡಿದ್ದು, ಯಾವುದು ಕೂಲಿಯವರು ಮಾಡಿದ್ದು ಎಂದು ಫೋಟೋ ನೋಡಿ ಹೇಳುವುದು ಕಷ್ಟ. ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನವನ್ನು 1951ರಲ್ಲಿ ಘೋಷಿಸಿದಾಗ ಗಡಿರೇಖೆ ಎಳೆದವರಿಗೆ ಈ ರಾಶಿಗಳು ಕಣ್ಣಿಗೆ ಚುಚ್ಚಿದವು. ಸುತ್ತಲಿನದೆಲ್ಲ ಉದ್ಯಾನದ ಒಳಗೆ, ಈ ಊರೊಂದು ಮಾತ್ರ ನಡುವೆ ತೂತು ಕೊರೆದ ಹಾಗೆ ಹೊರಗೆ. ಎಪ್ಪತ್ತು ವರ್ಷ ಕಳೆದ ಮೇಲೆ, 2021ರಲ್ಲಿ, ಅದೇ ರಾಶಿಗಳನ್ನು ಸೇರಿಸಿಕೊಂಡು 'ವಾಯವ್ಯ ವೇಲ್ಸ್‌ನ ಪಾಟಿಕಲ್ಲಿನ ಭೂದೃಶ್ಯ'ವನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ರಾಶಿ ಮಾತ್ರ ಇದ್ದಲ್ಲೇ ಇತ್ತು.

ಇಷ್ಟನ್ನು ಮೊದಲೇ ಹೇಳಬೇಕಾಯಿತು, ಏಕೆಂದರೆ ನ್ಯಾಶ್ ಕುರಿತ ಬರಹಗಳಲ್ಲಿ ಹೆಚ್ಚಿನವು ಅವರನ್ನು ಪ್ರಕೃತಿಯ ಶಿಲ್ಪಿ, ಪ್ರಕೃತಿಯೊಡನೆ ಕೈಜೋಡಿಸಿದವನು ಎಂದು ಕೊಂಡಾಡಿ ಸುಮ್ಮನಾಗುತ್ತವೆ. ಈ ಮಾತು ನಮಗೆ ಒಪ್ಪಿಗೆಯಾಗದು. ಅವರ ಕಣಿವೆಯಲ್ಲಿ ಮನುಷ್ಯನ ಕೈ ಮುಟ್ಟದ ಮೂಲೆ ಕಡಿಮೆ. ಬೆಟ್ಟ ಗಣಿಯದ್ದು, ಹುಲ್ಲುಗಾವಲು ಕುರಿಯದ್ದು, ಕಾಡು ನೆಟ್ಟದ್ದು. ಪಕ್ಕದ ತಾನಿಗ್ರಿಸಿಯೈನಲ್ಲಿ ರಾತ್ರಿ ನೀರನ್ನು ಮೇಲಕ್ಕೆತ್ತಿ ಹಗಲು ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಸ್ಥಾವರ 1963ರಿಂದ ಇದೆ. ಬಾಲಾ ಪಟ್ಟಣದ ಬಳಿಯ ಕಾಪೆಲ್ ಕೆಲಿನ್ ಎಂಬ ವೆಲ್ಷ್ ಹಳ್ಳಿಯನ್ನು ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಮುಳುಗಿಸಿದರು. ಪಾರ್ಲಿಮೆಂಟಿನಲ್ಲಿ ಆ ಮಸೂದೆಯ ಪರವಾಗಿ ವೇಲ್ಸ್‌ನ ಒಬ್ಬ ಸದಸ್ಯನೂ ಮತ ಹಾಕಿರಲಿಲ್ಲ. ಅದಾದ ಎರಡೇ ವರ್ಷಕ್ಕೆ ಇಂಗ್ಲಿಷ್ ಹುಡುಗನೊಬ್ಬ ಈ ಕಡೆ ಮನೆ ಮಾಡಲು ಬಂದದ್ದು. ಶಾಂತವಾದ ಪ್ರಕೃತಿಯ ನಡುವೆ ಒಬ್ಬ ಕಲಾವಿದ ಎನ್ನುವ ಚಿತ್ರ ಇದಕ್ಕೆ ಹೊಂದಿಕೊಳ್ಳುವುದಿಲ್ಲ. ನ್ಯಾಶ್ ಅವರ ಒಳ್ಳೆಯ ಕೃತಿಗಳು ಈ ಚಿತ್ರಕ್ಕಿಂತ ಜಾಣವಾಗಿವೆ ಎಂಬುದೇ ನಮ್ಮ ವಾದ.

ಮೊದಮೊದಲು ಅವರು ಬಣ್ಣ ಬಳಿದ ಹಲಗೆಗಳಿಂದ ಎತ್ತರದ ಗೋಪುರಗಳನ್ನು ಕಟ್ಟುತ್ತಿದ್ದರು. ತಿರುವು ಬಂದದ್ದು 1970ರ ಸುಮಾರಿಗೆ. ಹಸಿ ಮರವನ್ನು ಕೊಡಲಿಯಿಂದ ಕೆತ್ತಿ ಒಂಬತ್ತು ಚೆಂಡುಗಳನ್ನು ಮಾಡಿ ಕೋಣೆಯಲ್ಲಿ ಬಿಟ್ಟರು. ಒಣಗುತ್ತ ಒಣಗುತ್ತ ಒಂದೊಂದೂ ಬಾಯಿ ಬಿಟ್ಟಿತು. ಬೇರೆಯವರಾದರೆ ಒಲೆಗೆ ಹಾಕುತ್ತಿದ್ದರು. ಇವರು 'ಬಿರುಕುಬಿಟ್ಟ ಒಂಬತ್ತು ಚೆಂಡುಗಳು' ಎಂದು ಹೆಸರಿಟ್ಟು ಅದನ್ನೇ ಕೃತಿ ಮಾಡಿದರು. ಶಿಲ್ಪಿಯ ಕೈ ಬಿಟ್ಟ ಮೇಲೆಯೂ ಮರ ಕೆಲಸ ಮುಂದುವರಿಸುತ್ತದೆ ಎಂಬ ತಿಳಿವಳಿಕೆಯಿಂದ ಅವರ ಮುಂದಿನ ಐವತ್ತು ವರ್ಷ ಹುಟ್ಟಿತು.

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮೂರಿನ ಬಡಿಗೇರ ಕಾಕಾ ಬಾಗಿಲ ಚೌಕಟ್ಟಿಗೆ ಕಟ್ಟಿಗೆ ಆರಿಸುವಾಗ ದಿಮ್ಮಿಯನ್ನು ಬೆರಳಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುತ್ತಿದ್ದ. ಅವನ ಮಾತು ಇನ್ನೂ ಕಿವಿಯಲ್ಲಿದೆ: "ಹಸಿ ಕಟಗಿ ಯಾರ ಮಾತೂ ಕೇಳಂಗಿಲ್ಲ ತಮ್ಮಾ. ಈ ಬ್ಯಾಸಿಗಿಗಿ ಕುಂದರಿಸಿದ್ರ ಮಳಿಗಾಲಕ್ಕ ಬಾಕ್ಲ ಹಾಕ್ಲಿಕ್ಕೇ ಬರಂಗಿಲ್ಲ." ಕಾಕಾನ ಮುಂದೆ ಆ ಒಂಬತ್ತು ಚೆಂಡುಗಳ ಚಿತ್ರ ಇಟ್ಟಿದ್ದರೆ ಏನನ್ನುತ್ತಿದ್ದ ಎಂಬುದನ್ನು ಊಹಿಸಬಹುದು. ಕಸುಬಿನವನು ಜೀವಮಾನವೆಲ್ಲ ತಪ್ಪಿಸಲು ಹೆಣಗುವ ದೋಷವನ್ನು ಕಲಾ ಕಾಲೇಜಿನಲ್ಲಿ ಓದಿದವನು ಸೌಂದರ್ಯವೆಂದು ಮಾರುತ್ತಾನೆ ಎಂಬ ಸಿಟ್ಟು ನಮಗೂ ಮೊದಲು ಬಂದದ್ದು ನಿಜ. ಆದರೆ ವಿಷಯ ಅಷ್ಟು ಸರಳವಾಗಿಲ್ಲ. ವೇಲ್ಸ್‌ನ ಬಟ್ಟಲು ಕಡೆಯುವವರು ಸಿಕಮೋರ್ ಮರವನ್ನು ಹಸಿಯಿದ್ದಾಗಲೇ ಕಡೆಯುತ್ತಿದ್ದರು. ಹಾಲಿಗೆ, ಬೆಣ್ಣೆಗೆ ವಾಸನೆ ಹತ್ತಿಸದ ಮರ ಅದು. ಒಣಗಿದ ಮೇಲೆ ದುಂಡು ಬಟ್ಟಲು ತುಸು ಅಂಡಾಕಾರವಾಗುತ್ತಿತ್ತು. ಕುರ್ಚಿ ಮಾಡುವವರು ಒಣಗಿದ ಅಡ್ಡಪಟ್ಟಿಯನ್ನು ಹಸಿ ಕಾಲಿನ ತೂತಿಗೆ ಬಡಿದು ಕೂರಿಸುತ್ತಿದ್ದರು. ಕಾಲು ಒಣಗಿ ಕುಗ್ಗಿದಂತೆ ಹಿಡಿತ ಬಿಗಿಯಾಗುತ್ತಿತ್ತು, ಅಂಟು ಬೇಡ, ಮೊಳೆ ಬೇಡ. ನಮ್ಮಲ್ಲಿ ಗಾಡಿಯ ಗಾಲಿಗೆ ಕಾಯಿಸಿದ ಕಬ್ಬಿಣದ ಹಳಿ ತೊಡಿಸಿ ನೀರು ಸುರಿಯುವಾಗ ಲೋಹದ ಕುಗ್ಗುವಿಕೆಯನ್ನೇ ನಂಬುವ ಹಾಗೆ. ಮರ ಚಲಿಸುತ್ತದೆ ಎಂಬುದು ನ್ಯಾಶ್ ಕಂಡುಹಿಡಿದದ್ದಲ್ಲ, ಕಸುಬಿನವರಿಗೆ ಅದು ಯಾವತ್ತೋ ಗೊತ್ತಿತ್ತು. ಅವರು ಆ ಚಲನೆಯನ್ನು ಕೆಲಸಕ್ಕೆ ಹಚ್ಚಿ ಕಣ್ಣಿಗೆ ಕಾಣದಂತೆ ಮುಚ್ಚಿದರು. ನ್ಯಾಶ್ ಅದನ್ನು ಕೆಲಸದಿಂದ ಬಿಡಿಸಿ ಕಾಣುವಂತೆ ಬಿಚ್ಚಿಟ್ಟರು. ಹಸಿ ಕಾಂಡಕ್ಕೆ ಯಂತ್ರಗರಗಸದಿಂದ ಅಡ್ಡಡ್ಡ, ಒತ್ತೊತ್ತಾಗಿ ಕೊಯ್ತ ಹಾಕಿ, ನಡುವಿನ ತಿರುಳನ್ನು ಮಾತ್ರ ಉಳಿಸಿದ ಅವರ ಕಂಬಗಳಿವೆ. ಒಣಗಿದಂತೆ ಆ ತೆಳು ಪದರುಗಳು ಪುಸ್ತಕದ ಹಾಳೆ ನೆನೆದು ಮುರುಟಿಕೊಂಡ ಹಾಗೆ ಒಂದೊಂದೂ ಒಂದೊಂದು ಕಡೆಗೆ ಸೊಟ್ಟಾಗುತ್ತವೆ. ಇದರಲ್ಲಿ ಕೈಚಳಕಕ್ಕಿಂತ ದೊಡ್ಡದು ಯಾವ ಮರ ಎಷ್ಟು ಬಾಗೀತು ಎಂಬ ಅಂದಾಜು. ಅದು ಬಡಿಗನ ವಿದ್ಯೆ. ಕಾಕಾನಿಗೆ ಇದನ್ನು ತೋರಿಸಿದ್ದರೆ ನಕ್ಕಾದರೂ ಹತ್ತು ನಿಮಿಷ ನೋಡುತ್ತಿದ್ದ ಎಂದು ನಮಗೆ ಅನಿಸುತ್ತದೆ.

ಇದೇ ಸಮಸ್ಯೆಗೆ ಇನ್ನೊಂದು ಉತ್ತರವೂ ಇದೆ, ಅದು ನಮ್ಮ ಓದುಗರಲ್ಲಿ ಕೆಲವರಿಗೆ ಹತ್ತಿರದ್ದು. ಸೆಲ್ಜೂಕರ, ಮಮ್ಲೂಕರ ಕಾಲದ ಮಸೀದಿಗಳ ಮಿಂಬರುಗಳನ್ನು ಮಾಡಿದ ಕಾರೀಗರರು ದೊಡ್ಡ ಹಲಗೆಯನ್ನು ಬಳಸಲಿಲ್ಲ. ಒಣ ಹವೆಯಲ್ಲಿ ದೊಡ್ಡ ಹಲಗೆ ಸೀಳುತ್ತದೆ, ಒಳ್ಳೆಯ ಮರ ಸಿಗುವುದೂ ದುರ್ಲಭ. ಹಾಗಾಗಿ ನಕ್ಷತ್ರ, ಬಹುಭುಜಗಳಾಗಿ ಕತ್ತರಿಸಿದ ಸಣ್ಣ ಸಣ್ಣ ತುಣುಕುಗಳನ್ನು ಗಾಡಿಯಿಟ್ಟ ಪಟ್ಟಿಗಳ ನಡುವೆ ಮೊಳೆ, ಅಂಟು ಇಲ್ಲದೆ ಒಂದಕ್ಕೊಂದು ಸಿಕ್ಕಿಸಿದರು. ಪ್ರತಿ ತುಣುಕಿಗೂ ಹಿಗ್ಗಲು ಕುಗ್ಗಲು ಕೂದಲೆಳೆಯಷ್ಟು ಜಾಗ. ತುರ್ಕಿಯಲ್ಲಿ ಇದಕ್ಕೆ ಕುಂದೇಕಾರಿ ಎನ್ನುತ್ತಾರೆ. ನಾವು ಇಸ್ಲಾಮೀ ಅಲಂಕಾರ ಎಂದು ಕಣ್ಣರಳಿಸಿ ನೋಡುವ ನಕ್ಷತ್ರದ ಜಾಲದ ಹಿಂದೆ ಮರದ ಹಟವನ್ನು ಸಮಾಧಾನಪಡಿಸುವ ಬಡಿಗನ ಲೆಕ್ಕಾಚಾರವೂ ಇತ್ತು. ಬಿರುಕನ್ನು ಸಾವಿರ ತುಂಡು ಮಾಡಿ ಯಾರಿಗೂ ಕಾಣದಂತೆ ಹಂಚಿಬಿಟ್ಟರು. ನ್ಯಾಶ್ ಒಂದೇ ದೊಡ್ಡ ಬಿರುಕನ್ನು ನಡುಮನೆಯಲ್ಲಿ ನಿಲ್ಲಿಸುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂಬ ಪ್ರಶ್ನೆ ನಮಗೆ ಮುಖ್ಯವಲ್ಲ. ಒಂದು ಸಮುದಾಯಕ್ಕಾಗಿ ಕಟ್ಟಿದ್ದು, ಅದರ ಮೇಲೆ ಒಬ್ಬ ಹತ್ತಿ ಮಾತಾಡಬೇಕಿತ್ತು. ಇನ್ನೊಂದರ ಮೇಲೆ ಯಾರೂ ಹತ್ತಬೇಕಾಗಿಲ್ಲ.

ಹೀಗೆಂದಾಗ ಕಾಪೆಲ್ ರಿವ್ ನೆನಪಾಗುತ್ತದೆ. ವೇಲ್ಸ್‌ನ ಮೆಥೊಡಿಸ್ಟರು ತಮ್ಮ ಪ್ರಾರ್ಥನಾಮಂದಿರಗಳಲ್ಲಿ ಮೂರ್ತಿ, ಚಿತ್ರ ಇಡುವವರಲ್ಲ. ಬಿಳಿ ಗೋಡೆ, ಉದ್ದನೆಯ ಕಿಟಕಿ, ನಡುವೆ ಮಾತಿಗೊಂದು ಪೀಠ. ಇಂಥ ಮನೆಯ ತುಂಬ ಈಗ ಶಿಲ್ಪಗಳು ನಿಂತಿವೆ. ಆದರೆ ಅವುಗಳಲ್ಲಿ ಮನುಷ್ಯನ ಮುಖ, ದೇವರ ಮುಖ ಹುಡುಕಿದರೂ ಸಿಗದು. ಗೋಲ, ಘನ, ಪಿರಮಿಡ್ಡು. ಏಣಿ, ಮೇಜು, ಚಮಚ, ದೋಣಿ. ಮೇಜಿಗೆ ಓಡುವ ಕಾಲು ಬಂದಿರುತ್ತವೆ. ಏಣಿ ಇಬ್ಭಾಗವಾದ ಒಂದೇ ಕೊಂಬೆಯಿಂದಾಗಿರುತ್ತದೆ. ಬುತ್ ಎಂಬ ಪದವನ್ನು ಕೇಳುತ್ತ ಬೆಳೆದ ನಮ್ಮಂಥವರಿಗೆ ಶಿಲ್ಪವೆಂದರೆ ಒಂದು ಬಗೆಯ ಮುಜುಗರ ಹಿಂಬಾಲಿಸುತ್ತಲೇ ಇರುತ್ತದೆ. ಗ್ಯಾಲರಿಯಲ್ಲಿ ನಿಂತು ಮೆಚ್ಚುವಾಗಲೂ ಅಜ್ಜಿಯ ಕಣ್ಣು ಬೆನ್ನ ಹಿಂದೆ ಇದ್ದ ಹಾಗೆ. ನ್ಯಾಶ್ ಅವರ ಕೆಲಸ ನೋಡುವಾಗ ಆ ಮುಜುಗರ ಕಾಣಲಿಲ್ಲ. ಅಜ್ಜಿ ಇವುಗಳನ್ನು ನೋಡಿದ್ದರೆ ಒಲೆಗೆ ದೊಡ್ಡದಾಯಿತು ಎನ್ನುತ್ತಿದ್ದಳು, ಅಷ್ಟೆ.

ನ್ಯಾಶ್ ಒಂದು ಮರವನ್ನು ಬುಡದಿಂದ ರೆಂಬೆಯ ತುದಿಯವರೆಗೆ, ಏನೂ ಬಿಡದೆ, ತಿಂಗಳುಗಟ್ಟಲೆ ಅದರ ಬಳಿಯೇ ಕೂತು ಕೃತಿಗಳಾಗಿ ಬಿಡಿಸುವ ಕೆಲಸಕ್ಕೆ 'ಮರದ ಗಣಿ' ಎಂದು ಹೆಸರಿಟ್ಟಿದ್ದಾರೆ. ತಾವಾಗಿ ಬಿದ್ದ, ರೋಗ ಬಂದ, ಇಲ್ಲವೇ ಅಪಾಯವೆಂದು ಕಡಿಯಲೇಬೇಕಾದ ಮರಗಳನ್ನೇ ಆರಿಸುತ್ತಾರೆ. ಮೊದಲ ಗಣಿ 1978ರಲ್ಲಿ ಮೈನ್‌ಟುರೊಗ್ ಬಳಿಯ ಒಂದು ಓಕ್ ಮರ. 2012ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಜನರ ಕಣ್ಣೆದುರಿಗೇ ಇಂಥದೊಂದು ಗಣಿ ನಡೆಸಿದರು. ವಿಮರ್ಶಕರು ಈ ಪದವನ್ನು ಚಮತ್ಕಾರವೆಂದು ದಾಟಿಹೋಗುತ್ತಾರೆ. ನಮಗೆ ಅವರ ಕೃತಿಗಳ ಬೀಗದ ಕೈ ಇದೇ ಎನಿಸುತ್ತದೆ. ಸುತ್ತಲಿನ ಬೆಟ್ಟವನ್ನು ಒಡೆದವರ ಪದವನ್ನು ಈ ಮನುಷ್ಯ ಎರವಲು ಪಡೆದಿದ್ದಾನೆ. ಉಳಿಯಿಂದ ಸೀಳುವುದು, ಪದರ ಹುಡುಕುವುದು, ಎಳೆಗೆ ಅನುಗುಣವಾಗಿ ಹೊಡೆತ ಹಾಕುವುದು ಇವೆಲ್ಲ ಪಾಟಿಕಲ್ಲಿನವರ ಚಲನೆಗಳು, ಮರಕ್ಕೆ ಬಂದಿವೆ. ಗಣಿಯವರು ಒಯ್ದದ್ದು ಒಳ್ಳೆಯ ಕಲ್ಲು, ಬಿಟ್ಟದ್ದು ರಾಶಿ. ಇವರು ರಾಶಿ ಬಿಡಲಿಲ್ಲ, ಚೂರುಗಳನ್ನೂ ಉರಿಸಿ ಇದ್ದಿಲು ಮಾಡಿ ಅದರಿಂದ ಚಿತ್ರ ಬರೆದರು. ಇದು ಗಣಿಯ ವಿಮರ್ಶೆಯೂ ಹೌದು.

ಆ ಮೊದಲ ಓಕ್ ಮರದಿಂದ ಬಂದ ಒಂದು ತುಂಡಿನ ಕತೆಯನ್ನು ಬಿಡುವಂತಿಲ್ಲ. ಸುಮಾರು ಒಂದು ಮೀಟರು ಅಗಲದ ಒರಟು ಗೋಲವೊಂದನ್ನು ಕೆತ್ತಿ, ಕಾರ್ಯಾಗಾರಕ್ಕೆ ಸಾಗಿಸಲು ಪಕ್ಕದ ಹಳ್ಳದ ನೀರಿಗೆ ತಳ್ಳಿದರು. ಅರ್ಧ ದಾರಿಯಲ್ಲಿ ಅದು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಎಳೆದು ತೆಗೆಯುವ ಬದಲು ಅಲ್ಲಿಯೇ ಬಿಟ್ಟರು. ಮುಂದಿನ ವರ್ಷಗಳಲ್ಲಿ ಮಳೆ ಜೋರಾದಾಗ ಒಂದಿಷ್ಟು ಉರುಳಿತು, ಮಡುವಿನಲ್ಲಿ ಕೂತಿತು, ಮಂಜಿನ ಟೋಪಿ ಹಾಕಿಕೊಂಡಿತು, ಸೇತುವೆಯ ಕೆಳಗೆ ಸಿಕ್ಕಾಗ ಮನುಷ್ಯರು ಕೈಕೊಟ್ಟು ಮುಂದೆ ಸಾಗಿಸಿದರು. 2003ರ ಹೊತ್ತಿಗೆ ಡ್ವಿರಿಡ್ ನದಿಗೆ ಸೇರಿ, ಸಮುದ್ರದ ಉಬ್ಬರವಿಳಿತದಲ್ಲಿ ಹಿಂದೆ ಮುಂದೆ ಅಲೆದು ಕಾಣೆಯಾಯಿತು. ಹತ್ತು ವರ್ಷದ ಮೇಲೆ, 2013ರಲ್ಲಿ, ಮತ್ತೆ ಕಾಣಿಸಿತು. 2015ರ ನಂತರ ಮತ್ತೆ ಸುಳಿವಿಲ್ಲ. 'ಮರದ ಬಂಡೆ' ಎಂದು ಅದರ ಹೆಸರು.

ಕಾಲು ಶತಮಾನ ಅದರ ಹಿಂದೆ ಕ್ಯಾಮೆರಾ ಹಿಡಿದು ಅಲೆದ ನ್ಯಾಶ್ ಅವರ ಛಾಯಾಚಿತ್ರಗಳು, ಚಲನಚಿತ್ರ ಉಳಿದಿವೆ. ನಾವು ವೇಲ್ಸಿಗೆ ಹೋದವರಲ್ಲ, ನಮಗೆ ಸಿಕ್ಕದ್ದು ಈ ಚಿತ್ರಗಳೇ. ಸಾಮಾನ್ಯವಾಗಿ ಇಂಥದ್ದನ್ನು ಹೇಳಿಕೊಳ್ಳುವಾಗ ದೂರದ ಊರಿನ ವಿಮರ್ಶಕನಿಗೆ ಸ್ವಲ್ಪ ಸಂಕೋಚ. ಇಲ್ಲಿ ಅದು ಬೇಕಿಲ್ಲ. ಲಂಡನ್ನಿನಲ್ಲಿರುವವನಿಗೂ ಇಷ್ಟೇ ಸಿಗುವುದು. ಈ ಕೃತಿಯನ್ನು ಹಣ ಕೊಟ್ಟು ಮನೆಗೆ ಒಯ್ದವರಿಲ್ಲ, ವಿಮೆ ಮಾಡಿಸಿದವರಿಲ್ಲ. ಕತೆ ಬರೆಯುವ ನಮಗೆ ಇದರಲ್ಲಿ ಅಸೂಯೆ ಹುಟ್ಟಿಸುವ ಸಂಗತಿಯೊಂದಿದೆ. ಪಾತ್ರವನ್ನು ಹೊಳೆಗೆ ಬಿಟ್ಟು, ಅದು ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗೆ ಬರೆಯುತ್ತ ಹೋಗುವ ಧೈರ್ಯ ನಮಗೆ ಬಂದಿಲ್ಲ, ಕೊನೆಯ ಪುಟಕ್ಕೆ ಮೊದಲೇ ದಡಕ್ಕೆ ಎಳೆದು ಹಾಕುತ್ತೇವೆ.

ಆದರೆ ಅದೇ ವರ್ಷಗಳ ಇನ್ನೊಂದು ಕತೆಯನ್ನು ಪಕ್ಕದಲ್ಲಿಟ್ಟು ನೋಡದೆ ಇರಲಾಗದು. ಪಾಟಿಕಲ್ಲಿನ ದೂಳು ಪುಪ್ಪುಸದಲ್ಲಿ ಕೂತು ಉಸಿರು ಕಟ್ಟಿದ ಗಣಿಯವರು ಪರಿಹಾರಕ್ಕಾಗಿ ದಶಕಗಳಿಂದ ಅಲೆಯುತ್ತಿದ್ದರು. ಕಲ್ಲಿದ್ದಲಿನವರಿಗೆ ಸಿಕ್ಕದ್ದು ಇವರಿಗೆ ಸಿಕ್ಕಿರಲಿಲ್ಲ. ಎಷ್ಟೋ ಗಣಿಗಳು ಮುಚ್ಚಿಹೋಗಿ, ದಾವೆ ಹೂಡಲು ಮಾಲೀಕನೇ ಉಳಿದಿರಲಿಲ್ಲ. ಅವರಿಗೆ ಹಕ್ಕು ಕೊಟ್ಟ ಕಾನೂನು ಬಂದದ್ದು 1979ರಲ್ಲಿ, ವೇಲ್ಸ್‌ನ ಸಂಸದರು ಅಲುಗಾಡುತ್ತಿದ್ದ ಸರ್ಕಾರದ ಜೊತೆ ಚೌಕಾಸಿ ಮಾಡಿದ್ದರಿಂದ. 'ಮರದ ಬಂಡೆ' ಹಳ್ಳದಲ್ಲಿ ಉರುಳತೊಡಗಿದ್ದು ಅದಕ್ಕೆ ಹಿಂದಿನ ವರ್ಷ. ಒಂದು ಕಡೆ ಕಾಲದ ಹೊಡೆತವನ್ನು ಮರದ ಮೈಮೇಲೆ ಓದುವ ಕಲೆ, ಕೆಲವೇ ಮೈಲಿ ದೂರದಲ್ಲಿ ಕಾಲದ ಹೊಡೆತವನ್ನು ಎದೆಯೊಳಗೆ ಹೊತ್ತು ಮೆಟ್ಟಿಲು ಹತ್ತಲಾಗದ ಮುದುಕರು. ನ್ಯಾಶ್ ಅವರ ಕೃತಿಗಳಲ್ಲಿ ಈ ಮುದುಕರು ಬರುವುದಿಲ್ಲ. ಅವರ ಪದ ಬಂದಿತು, ಅವರ ಚಲನೆ ಬಂದಿತು, ಅವರು ಬರಲಿಲ್ಲ. ಕಲಾವಿದ ಊರಿನವರೊಡನೆ ಒಳ್ಳೆಯ ನೆರೆಯವನಾಗಿ ಬಾಳಿದರೂ ಈ ಮಾತು ನಿಲ್ಲುತ್ತದೆ. ಅಮೂರ್ತ ರೂಪಗಳನ್ನು ಇಷ್ಟಪಡುವ ನಮಗೂ ಇದು ಕಚ್ಚುವ ಪ್ರಶ್ನೆ: ಮುಖ ಬಿಡಿಸಬಾರದು ಎಂಬ ಹಳೆಯ ಸಂಕೋಚ ಎಷ್ಟು ಬೇಗ ಮುಖ ನೋಡದಿರುವ ಸೌಕರ್ಯವಾಗಿಬಿಡುತ್ತದೆ!

ನಮ್ಮ ಕಡೆ ಶಹಾಬಾದ್, ಸೇಡಂ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಾಣುವ ಫರ್ಸಿ ಕಲ್ಲಿನ ಖಣಿಗಳು, ಅವುಗಳ ಪಕ್ಕದ ಚೂರುಗಲ್ಲಿನ ದಿಬ್ಬಗಳು, ಹಸಿರು ನೀರು ನಿಂತ ಹೊಂಡಗಳು ಯಾವ ಶಿಲ್ಪಿಯ ಕಣ್ಣಿಗೂ ಬಿದ್ದಂತಿಲ್ಲ. ಹೈದರಾಬಾದ್ ಕರ್ನಾಟಕದ ಅರ್ಧ ಮನೆಗಳ ನೆಲಕ್ಕೆ ಹಾಸಿದ ಕಲ್ಲು ಅಲ್ಲಿಂದ ಬಂದದ್ದು, ನಾವು ಉರ್ದು, ಕನ್ನಡ ಎರಡನ್ನೂ ಓದಿದ್ದು ಅದೇ ಕಲ್ಲಿನ ಮೇಲೆ ಚಕ್ಕಮಕ್ಕಲ ಹಾಕಿ ಕೂತು. ಇಲ್ಲಿಗೂ ಒಬ್ಬ ಕಲಾವಿದ ಬರಲಿ ಎಂದು ಹಾರೈಸುವುದಕ್ಕೆ ನಾಲಗೆ ತಡವರಿಸುತ್ತದೆ. ಬಂದರೆ ಅವನು ಹೊಂಡದ ಹಸಿರು ನೀರನ್ನು ಮಾತ್ರ ನೋಡಿ ಹೋದಾನು ಎಂಬ ಭಯ.

ಆಮೇಲೆ ಸುಟ್ಟ ಮರ. ನ್ಯಾಶ್ ತಮ್ಮ ಶಿಲ್ಪಗಳ ಮೈಯನ್ನು ಬೆಂಕಿಯ ನಾಲಗೆಗೆ ಹಿಡಿದು ಕರಿ ಮಾಡುತ್ತಾರೆ. ಮರದ ಎಳೆ, ಬಣ್ಣ ಎಲ್ಲ ಅಳಿದು ಆಕಾರ ಮಾತ್ರ ಉಳಿಯುತ್ತದೆ. ಮರವೆಂದು ಹತ್ತಿರ ಬಂದವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಈ ತಂತ್ರ ಪರಿಣಾಮಕಾರಿ ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಗ್ಯಾಲರಿಯ ಬಿಳಿ ಗೋಡೆಯ ಮುಂದೆ ಸಾಲಾಗಿ ನಿಂತ ಆ ಕರಿಯ ಘನ, ಗೋಲ, ಪಿರಮಿಡ್ಡುಗಳ ಚಿತ್ರ ನೋಡಿದಾಗ ನಮಗೆ ಬೇಸರವಾಯಿತು. ಬಿರುಕಿಗೆ ಕಾದು ಕೂತ ತಾಳ್ಮೆ ಇಲ್ಲಿ ಇಲ್ಲ, ಎಲ್ಲ ಕೃತಿಗಳೂ ಒಂದೇ ಅಂಗಡಿಯ ಮಾಲಿನ ಹಾಗೆ ಗಂಭೀರ. ಇಂಥ ಕರಿ ರೂಪಗಳನ್ನು ಕಂಚಿನಲ್ಲಿ ಎರಕ ಹೊಯ್ಯಿಸಿದ್ದೂ ಇದೆ. ಒಣಗದ, ಬಾಗದ, ಕೊಳೆಯದ ಮರ! ತಮ್ಮ ಜೀವಮಾನದ ವಾದದ ವಿರುದ್ಧ ತಾವೇ ಸಾಕ್ಷಿ ಹೇಳಿದಂತೆ. ಮಾರುಕಟ್ಟೆಗೆ ಹೊಳೆಯಲ್ಲಿ ತೇಲುವ ಮರ ಬೇಡ, ಅಂಗಳದಲ್ಲಿ ನೂರು ವರ್ಷ ನಿಲ್ಲುವ ಕಂಚು ಬೇಕು. ಕಲಾವಿದನಿಗೂ ಹೊಟ್ಟೆಯಿದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇವೆ.

ಸುಟ್ಟ ಮರವನ್ನು ಬರಿಯ ಬಣ್ಣವಾಗಿ ನೋಡಲು ನಮ್ಮಿಂದ ಆಗದಿರುವುದಕ್ಕೆ ಬೇರೆ ಕಾರಣವೂ ಇದೆ. ಹನ್ನೆರಡನೆಯ ಶತಮಾನದಲ್ಲಿ ನೂರುದ್ದೀನ್ ಅಲೆಪ್ಪೋದಲ್ಲಿ ಮಾಡಿಸಿದ, ಸಲಾಹುದ್ದೀನ್ ಜೆರುಸಲೇಮಿನ ಅಕ್ಸಾ ಮಸೀದಿಯಲ್ಲಿ ಇರಿಸಿದ ಮಿಂಬರ್, ಮೇಲೆ ಹೇಳಿದ ಮೊಳೆಯಿಲ್ಲದ ಕಸುಬಿನ ಶ್ರೇಷ್ಠ ಮಾದರಿ, 1969ರಲ್ಲಿ ಒಬ್ಬ ಹಚ್ಚಿದ ಬೆಂಕಿಗೆ ಆಹುತಿಯಾಯಿತು. ನಾವು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಘಟನೆ, ಆದರೆ ಮನೆಯ ಹಿರಿಯರ ಮಾತಿನಲ್ಲಿ ಅದು ನಿನ್ನೆ ನಡೆದದ್ದು. ಅದರ ಜಾಗದಲ್ಲಿ ಹಳೆಯದರ ಪಡಿಯಚ್ಚಿನಂಥ ಹೊಸ ಮಿಂಬರ್ 2007ರಲ್ಲಿ ನಿಂತಿತು. ನಡುವೆ ಮೂವತ್ತೆಂಟು ವರ್ಷ. ಕೈಬಿಟ್ಟು ಹೋದ ಸಂದು ಕೂಡಿಸುವ ಲೆಕ್ಕಗಳನ್ನು ಮತ್ತೆ ಕಂಡುಕೊಳ್ಳಬೇಕಾಯಿತು, ಬೇರೆ ಬೇರೆ ದೇಶಗಳ ಬಡಿಗರನ್ನು ಸೇರಿಸಬೇಕಾಯಿತು. ಇದು ಗೊತ್ತಿರುವವನು ಕರಿಯ ಘನಾಕೃತಿಯ ಮುಂದೆ ನಿಂತರೆ ಅವನ ತಲೆಯಲ್ಲಿ ಓಡುವುದೇ ಬೇರೆ. ಅದು ನ್ಯಾಶ್ ಅವರ ತಪ್ಪಲ್ಲ ನಿಜ.

ಬೆಂಕಿಯನ್ನು ಅವರು ಸರಿಯಾದ ಜಾಗದಲ್ಲಿ ಇಟ್ಟ ಒಂದು ಕೃತಿಯಾದರೂ ಇದೆ. ಯಾರ್ಕ್‌ಷೈರ್ ಶಿಲ್ಪೋದ್ಯಾನದಲ್ಲಿ 2010ರಲ್ಲಿ ಅವರ ದೊಡ್ಡ ಪ್ರದರ್ಶನ ನಡೆದಾಗ ಅಲ್ಲಿಯ ದಿಬ್ಬವೊಂದರ ಮೇಲೆ ಎಪ್ಪತ್ತೊಂದು ಮೆಟ್ಟಿಲು ಹಾಕಿದರು. ಸುಟ್ಟು ಕರಿ ಮಾಡಿದ ಓಕ್ ದಿಮ್ಮಿಗಳು, ಅವುಗಳ ನಡುವೆ ತುಂಬಿದ್ದು ಕಲ್ಲಿದ್ದಲು. ಆ ಸೀಮೆಯೇ ಕಲ್ಲಿದ್ದಲಿನ ಸೀಮೆ. 1984-85ರ ಮುಷ್ಕರ ಸೋತ ಮೇಲೆ ಅದರ ಗಣಿಗಳು ಒಂದೊಂದಾಗಿ ಮುಚ್ಚಿದವು. ಇಲ್ಲಿ ಮರ ಇದ್ದಿಲಾಗುವುದಕ್ಕೂ, ಯುಗಗಳ ಹಿಂದಿನ ಮರ ಕಲ್ಲಿದ್ದಲಾದದ್ದಕ್ಕೂ ಸಂಬಂಧ ಕಾಲಿಗೇ ತಾಗುತ್ತದೆ. ಮತ್ತೆ ಅದರ ಮೇಲೆ ಜನ ಹತ್ತುತ್ತಾರೆ, ಮಕ್ಕಳು ಎಣಿಸುತ್ತ ಇಳಿಯುತ್ತಾರೆ, ಬೂಟಿಗೆ ಕರಿ ಹತ್ತುತ್ತದೆ. ಗ್ಯಾಲರಿಯ ಕರಿ ಗೋಲಗಳೆಲ್ಲ ಸೇರಿದರೂ ಈ ಮೆಟ್ಟಿಲಿಗೆ ಸಮನಾಗವು ಎಂಬುದು ನಮ್ಮ ತೀರ್ಪು.

ಇನ್ನು ಅವರ ಅತ್ಯಂತ ಪ್ರಸಿದ್ಧ ಕೃತಿ 'ಆ್ಯಶ್ ಗುಮ್ಮಟ'. ಅವರ ತಂದೆಗೆ ಸೇರಿದ್ದ ಕಾಡುಜಾಗದಲ್ಲಿ 1977ರಲ್ಲಿ ಇಪ್ಪತ್ತೆರಡು ಆ್ಯಶ್ ಸಸಿಗಳನ್ನು ವೃತ್ತಾಕಾರದಲ್ಲಿ ನೆಟ್ಟರು. ಮೂವತ್ತು ವರ್ಷದ ಮೇಲೆ ಅವು ಒಂದರತ್ತ ಒಂದು ಬಾಗಿ ಗುಮ್ಮಟವಾಗಬೇಕು ಎಂಬ ಲೆಕ್ಕ. ಇಪ್ಪತ್ತೊಂದನೆಯ ಶತಮಾನ ಬರುತ್ತದೋ ಇಲ್ಲವೋ ಎಂದು ಅಣುಬಾಂಬಿನ ಭಯದಲ್ಲಿ ಜನ ಮಾತಾಡುತ್ತಿದ್ದ ಕಾಲ ಅದು. ಮೊದಲು ನೆಟ್ಟ ಸಸಿಗಳನ್ನು ಕುರಿಗಳು ತಿಂದವು. ಬೇಲಿ ಹಾಕಿ ಮತ್ತೆ ನೆಟ್ಟರು. ಬಾಗಿಸಲು ಬಳಸಿದ್ದು ಬ್ರಿಟನ್ನಿನ ರೈತರ ಹಳೆಯ ಬೇಲಿಗಾರಿಕೆ: ಕಾಂಡದ ಒಂದು ಬದಿಗೆ ಆಳವಾಗಿ ಕೊಯ್ದು, ಮುರಿಯದಂತೆ ಬಗ್ಗಿಸಿ ಕಟ್ಟಿದರೆ ಗಾಯ ಮಾಯ್ದು ಮರ ಹೊಸ ದಿಕ್ಕಿನಲ್ಲಿ ಬೆಳೆಯುತ್ತದೆ. ಕುರಿ ಹೊರಹೋಗದಂತೆ ಜೀವಂತ ಬೇಲಿ ಹೆಣೆಯುವುದಕ್ಕೆಂದು ಹುಟ್ಟಿದ ವಿದ್ಯೆಯಿಂದ ಕುರಿ ಒಳಬರಬಾರದ ಶಿಲ್ಪವೊಂದು ಬೆಳೆಯಿತು. ನ್ಯಾಶ್ ವರ್ಷವರ್ಷವೂ ಹೋಗಿ ಸವರಿದರು, ಗಾಯಗಳನ್ನು ನೋಡಿದರು, ಋತುವಿಗೊಂದರಂತೆ ಅದರ ಚಿತ್ರ ಬರೆದರು. ಜಾಗ ಎಲ್ಲಿದೆ ಎಂಬುದನ್ನು ಬಹಳ ಕಾಲ ಗುಟ್ಟಾಗಿ ಇಟ್ಟಿದ್ದರು. ಮೂವತ್ತು ವರ್ಷ ಒಂದೇ ಗಿಡದ ಬಳಿಗೆ ಹೋಗಿಬರುವುದು ತೋಟಗಾರನ ಕೆಲಸ, ಕಲಾವಿದರಲ್ಲಿ ಇಂಥದ್ದು ಅಪರೂಪ. ಪ್ರಕೃತಿಯೊಡನೆ ಕೈಜೋಡಿಸುವುದು ಎಂಬ ಮಾತಿನ ಅರ್ಥ ಈ ಚಾಕರಿಯೇ ಆಗಿದ್ದರೆ ನಮ್ಮ ತಕರಾರಿಲ್ಲ.

ಆ ಗುಮ್ಮಟ ಈಗ ಸಾಯುವ ದಾರಿ ಹಿಡಿದಿದೆ. ಆ್ಯಶ್ ಮರಗಳನ್ನು ತುದಿಯಿಂದ ಒಣಗಿಸುತ್ತ ಬರುವ ಶಿಲೀಂಧ್ರರೋಗ ಬ್ರಿಟನ್ನಿನಲ್ಲಿ ಮೊದಲು ಪತ್ತೆಯಾದದ್ದು 2012ರಲ್ಲಿ, ಯುರೋಪಿನಿಂದ ತರಿಸಿದ ಸಸಿಗಳಲ್ಲಿ. ಗಾಳಿಯಲ್ಲಿ ತೇಲಿಬರುವ ಬೀಜಕಣಗಳದ್ದೂ ಪಾಲಿದೆ. ತಮ್ಮಲ್ಲೇ ಸಮೃದ್ಧವಾಗಿ ಮೊಳೆಯುವ ಮರದ ಸಸಿಯನ್ನು ಅಗ್ಗವೆಂದು ಹೊರದೇಶದ ನರ್ಸರಿಯಿಂದ ಲಾರಿಯಲ್ಲಿ ತರಿಸಿದ ವ್ಯಾಪಾರ ಅದು. ಈ ಕೃತಿಯನ್ನು ಕೊಲ್ಲುತ್ತಿರುವುದರಲ್ಲಿಯೂ ಮನುಷ್ಯನ ಕೈಯಿದೆ ಎಂದಾಯಿತು. ನ್ಯಾಶ್ ಮರಗಳನ್ನು ಕಡಿಸಲಿಲ್ಲ, ಉಳಿಸುವ ಹಟಕ್ಕೂ ಬೀಳಲಿಲ್ಲ. 2019ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಒಣಗುತ್ತಿರುವ ವೃತ್ತದ ಹೊರಗೆ ಇಪ್ಪತ್ತೆರಡು ಓಕ್ ಸಸಿಗಳ ಇನ್ನೊಂದು ವೃತ್ತವನ್ನು ನೆಟ್ಟರು. ಆ್ಯಶ್ ನೆಟ್ಟಾಗ ಅವರಿಗೆ ಮೂವತ್ತೊಂದು. ಓಕ್ ಮರ ಆ್ಯಶ್‌ಗಿಂತ ನಿಧಾನ. ಅದನ್ನು ಸವರಲು, ಬಾಗಿಸಲು ಬೇರೆಯವರು ಬೇಕಾಗುತ್ತದೆ, ಅವರಿಗೆ ಬೇಲಿ ಹೆಣೆಯುವ ವಿದ್ಯೆಯೂ ಗೊತ್ತಿರಬೇಕಾಗುತ್ತದೆ.